ಇನ್ಸುಲಿನ್ ರೆಸಿಸ್ಟೆನ್ಸ್ ಎಷ್ಟಿದೆ ಅಂತ ತಿಳ್ಕೊಳ್ಳೋಕೆ ಯಾವ ಬ್ಲಡ್ ಟೆಸ್ಟ್? ಶುಗರ್ ಇರೋರಿಗಾಗಿ ಒಂದು ಹೋಲಿಕೆ

ಈಗ ಯಾವ ಹೆಲ್ತ್ ಚೆಕಪ್ ಪ್ಯಾಕೇಜ್ ತಗೊಂಡ್ರೂ ಫಾಸ್ಟಿಂಗ್ ಇನ್ಸುಲಿನ್, ಹೋಮಾ-ಐಆರ್, ಸಿ-ಪೆಪ್ಟೈಡ್, ಎಚ್‌ಎಸ್-ಸಿಆರ್‌ಪಿ ಅಂತ ನಾಲ್ಕೈದು ಹೆಸರು ಸೇರ್ಸಿರ್ತಾರೆ, ರಿಪೋರ್ಟ್ ಕೈಗೆ ಬಂದ್ಮೇಲೆ ಯಾವುದನ್ನ ನಂಬ್ಬೇಕು ಯಾವುದನ್ನ ಬಿಡ್ಬೇಕು ಗೊತ್ತಾಗ್ದೆ ಜನ ಒದ್ದಾಡ್ತಾರೆ. ನಾನು ಲ್ಯಾಬಲ್ಲಿ ರಕ್ತ ತೆಗೆಯೋದು, ಮಷಿನ್ ಓಡ್ಸೋದು ಮಾಡೋನು, ಡಾಕ್ಟರ್ ಅಲ್ಲ, ಮಾತ್ರೆ ಬದಲಾಯಿಸೋ ವಿಷಯ ನಿಮ್ಮ ಡಾಕ್ಟರ್ ಹತ್ರಾನೇ ಮಾತಾಡಿ. ಆದ್ರೆ ಯಾವ ಟೆಸ್ಟ್ ಯಾರಿಗೆ ಉಪಯೋಗಕ್ಕೆ ಬರುತ್ತೆ, ಯಾವುದು ಯಾರ ವಿಷಯದಲ್ಲಿ ದಾರಿ ತಪ್ಸುತ್ತೆ ಅನ್ನೋದನ್ನ ಬಿಡಿಸಿ ಹೇಳ್ಬಹುದು ಅಂತ ಇದನ್ನ ಬರೀತಿದ್ದೀನಿ.

ಮುಖ್ಯವಾದ ಮಾತು ಮೊದ್ಲೇ ಹೇಳಿಬಿಡ್ತೀನಿ. ಈ ಟೆಸ್ಟ್‌ಗಳಲ್ಲಿ ಕೆಲವು ಶುಗರ್ ಇನ್ನೂ ಬರದೇ ಇರೋರಲ್ಲಿ, ಅಥವಾ ಬಂದ ಹೊಸದ್ರಲ್ಲಿ ಚೆನ್ನಾಗಿ ಕೆಲಸ ಮಾಡ್ತವೆ, ಶುಗರ್ ಬಂದು ಹತ್ತು ಹದಿನೈದು ವರ್ಷ ಆದೋರಲ್ಲಿ ಅದೇ ನಂಬರ್‌ಗೆ ಅರ್ಥಾನೇ ಬೇರೆ ಆಗುತ್ತೆ. ಹಾಗಾಗಿ ಟೆಸ್ಟ್ ಆರಿಸೋಕೆ ಮುಂಚೆ ನಿಮ್ಮ ಶುಗರ್ ಎಷ್ಟು ವರ್ಷದ್ದು, ಏನೇನು ಮಾತ್ರೆ ತಗೋತಿದ್ದೀರ, ಇನ್ಸುಲಿನ್ ಇಂಜೆಕ್ಷನ್ ಇದ್ಯಾ, ಕಿಡ್ನಿ ಹೇಗಿದೆ, ಆ ರಿಪೋರ್ಟ್ ಬಂದ್ರೆ ನಿಮ್ಮ ಟ್ರೀಟ್‌ಮೆಂಟಲ್ಲಿ ಏನಾದ್ರೂ ಬದಲಾಗುತ್ತಾ, ಇಷ್ಟನ್ನ ನೋಡ್ಕೊಂಡ್ರೆ ಅರ್ಧ ಆಯ್ಕೆ ತಾನಾಗೇ ಆಗೋಗುತ್ತೆ.

ಟೈಪ್ 2 ಶುಗರಲ್ಲಿ ಎರಡು ತೊಂದರೆ ಒಟ್ಟೊಟ್ಟಿಗೆ ಇರುತ್ತೆ. ಒಂದು, ಇನ್ಸುಲಿನ್ ಇದ್ರೂ ಲಿವರ್, ಮಾಂಸಖಂಡ, ಕೊಬ್ಬು ಅದರ ಮಾತು ಕೇಳಲ್ಲ, ಅದೇ ರೆಸಿಸ್ಟೆನ್ಸ್. ಇನ್ನೊಂದು, ಮೇದೋಜೀರಕ ಗ್ರಂಥಿ ಅಂದ್ರೆ ಪ್ಯಾಂಕ್ರಿಯಾಸ್‌ಗೆ ಬೇಕಾದಷ್ಟು ಇನ್ಸುಲಿನ್ ಮಾಡೋಕೆ ಆಗಲ್ಲ, ಅದು ಕೊರತೆ. ಎರಡ್ರಲ್ಲಿ ಯಾವುದು ಎಷ್ಟು ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಈ ವ್ಯತ್ಯಾಸ ಇದೆ ಅಂತ ಇಂಗ್ಲೆಂಡಿನ ಹ್ಯಾರಲ್ಡ್ ಹಿಮ್ಸ್‌ವರ್ತ್ 1936ರಲ್ಲೇ ಬರೆದಿದ್ರು. ಮೂರು ತಿಂಗಳ ಸರಾಸರಿ ತೋರ್ಸೋ ಎಚ್‌ಬಿಎ1ಸಿ (ಎ1ಸಿ) ಆಗ್ಲಿ, ಖಾಲಿ ಹೊಟ್ಟೆಯ ಫಾಸ್ಟಿಂಗ್, ಊಟ ಆದ್ಮೇಲಿನ ಪಿಪಿ ಆಗ್ಲಿ, ರಕ್ತದಲ್ಲಿ ಸಕ್ಕರೆ ಎಷ್ಟು ಏರಿದೆ ಅಂತ ಹೇಳ್ತವೆ ಅಷ್ಟೇ, ಯಾವ ಕಾರಣಕ್ಕೆ ಏರಿದೆ ಅಂತ ಹೇಳಲ್ಲ. ಎ1ಸಿ 8.5 ಅಂತ ಬಂದ ಇಬ್ಬರಲ್ಲಿ ಒಬ್ಬರಿಗೆ ಮಾಮೂಲಿಗಿಂತ ಎರಡು ಪಟ್ಟು ಇನ್ಸುಲಿನ್ ಓಡ್ತಿರಬಹುದು, ಇನ್ನೊಬ್ಬರಲ್ಲಿ ಅದು ಖಾಲಿ ಆಗ್ತಾ ಬಂದಿರಬಹುದು. ಅದೂ ಅಲ್ದೆ ರಕ್ತಹೀನತೆ ಇರೋರಲ್ಲಿ ಎ1ಸಿ ನಂಬರೇ ಆಚೀಚೆ ಆಗುತ್ತೆ, ಐರನ್ ಕಮ್ಮಿ ಇದ್ರೆ ಇರೋದಕ್ಕಿಂತ ಜಾಸ್ತಿ ತೋರ್ಸೋ ಸಾಧ್ಯತೆ ಇರುತ್ತೆ, ಕೆಂಪು ರಕ್ತಕಣ ಬೇಗ ಒಡೆಯೋ ಕಾಯಿಲೆ ಇದ್ರೆ ಕಮ್ಮಿ ತೋರ್ಸುತ್ತೆ. ನಮ್ಮ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 9, 10 ಇರೋದು ಎಷ್ಟು ಸಾಮಾನ್ಯ ಅಂತ ಗೊತ್ತಲ್ಲ, ಹಾಗಾಗಿ ಎ1ಸಿ ಜೊತೆ ರಕ್ತಕಣ ಎಣಿಸೋ ಸಿಬಿಸಿ ರಿಪೋರ್ಟನ್ನೂ ಇಟ್ಕೊಂಡು ನೋಡಿ.

ರೆಸಿಸ್ಟೆನ್ಸನ್ನ ನಿಜವಾಗ್ಲೂ ಅಳೆಯೋ ವಿಧಾನಕ್ಕೆ ಕ್ಲ್ಯಾಂಪ್ ಅಂತಾರೆ, ರಾಲ್ಫ್ ಡಿಫ್ರಾಂಜೊ ಮತ್ತೆ ಜೊತೆಗಾರರು 1979ರಲ್ಲಿ ವಿವರವಾಗಿ ಬರೆದಿದ್ದು. ಇನ್ಸುಲಿನ್ ಡ್ರಿಪ್ ಹಾಕಿ, ಶುಗರ್ ಇಳೀದೇ ಇರೋ ಹಾಗೆ ಗ್ಲೂಕೋಸ್ ಡ್ರಿಪ್ ಹಾಕಿ, ಐದೈದು ನಿಮಿಷಕ್ಕೆ ರಕ್ತ ತೆಗೆದು, ಗಂಟೆಗಟ್ಟಲೆ ಮಲಗ್ಸಿ ಮಾಡೋ ಕೆಲಸ ಅದು. ರಿಸರ್ಚ್‌ಗೆ ಬಿಟ್ರೆ ಯಾರೂ ಮಾಡಲ್ಲ. ನಮಗೆ ಸಿಗೋ ಉಳಿದೆಲ್ಲಾ ಟೆಸ್ಟೂ ಅದರ ಹತ್ರ ಹತ್ರ ಹೋಗೋ ಅಂದಾಜುಗಳು, ಇದನ್ನ ತಲೇಲಿ ಇಟ್ಕೊಂಡ್ರೆ ಪಾಯಿಂಟ್ ಎರಡು ಪಾಯಿಂಟ್ ಮೂರರ ವ್ಯತ್ಯಾಸಕ್ಕೆ ಗಾಬರಿ ಆಗಲ್ಲ.

ಫಾಸ್ಟಿಂಗ್ ಇನ್ಸುಲಿನ್ ಮತ್ತೆ ಹೋಮಾ-ಐಆರ್

ರಕ್ತದಲ್ಲಿರೋ ಇನ್ಸುಲಿನ್ ಅಳೆಯೋದನ್ನ ಸಾಧ್ಯ ಮಾಡಿದ್ದು ಅಮೆರಿಕದ ರೊಸಾಲಿನ್ ಯಾಲೊ, ಸೊಲೊಮನ್ ಬರ್ಸನ್ ಜೋಡಿ, 1960ರ ಆಸುಪಾಸು. ದೊಡ್ಡೋರಾದ್ಮೇಲೆ ಶುಗರ್ ಬಂದ ಎಷ್ಟೋ ಜನರ ರಕ್ತದಲ್ಲಿ ಇನ್ಸುಲಿನ್ ಕಮ್ಮಿ ಇರಲಿಲ್ಲ, ಜಾಸ್ತೀನೇ ಇತ್ತು ಅಂತ ಆಗ ಕಂಡಿದ್ದು. ಯಾಲೊಗೆ 1977ರಲ್ಲಿ ನೊಬೆಲ್ ಬಂತು, ಬರ್ಸನ್ ಅಷ್ಟರಲ್ಲಿ ತೀರ್ಕೊಂಡಿದ್ರು, ಅದೊಂದು ಬೇಜಾರು ನನಗೆ ಯಾವಾಗ್ಲೂ ಇದೆ.

ಹೋಮಾ-ಐಆರ್ ಬೇರೆ ಟೆಸ್ಟ್ ಏನಲ್ಲ, ಲೆಕ್ಕ ಅಷ್ಟೇ. 1985ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಮ್ಯಾಥ್ಯೂಸ್ ಮತ್ತೆ ಅವರ ತಂಡ ಕೊಟ್ಟಿದ್ದು. ಫಾಸ್ಟಿಂಗ್ ಗ್ಲೂಕೋಸನ್ನ ಫಾಸ್ಟಿಂಗ್ ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿ, ಗ್ಲೂಕೋಸ್ ಮಿಲಿಗ್ರಾಂ ಲೆಕ್ಕದಲ್ಲಿ, ಇನ್ಸುಲಿನ್ ಮೈಕ್ರೊಯುನಿಟ್ ಲೆಕ್ಕದಲ್ಲಿ ಇರ್ಬೇಕು. ಪ್ಯಾಕೇಜಲ್ಲಿ ಹೋಮಾಗೆ ಅಂತ ಬೇರೆ ದುಡ್ಡು ಹಾಕಿದ್ರೆ ಕೊಡ್ಬೇಡಿ, ಇವೆರಡು ನಂಬರ್ ಇದ್ರೆ ಮೊಬೈಲ್ ಕ್ಯಾಲ್ಕುಲೇಟರಲ್ಲೇ ಆಗುತ್ತೆ. ಗ್ಲೂಕೋಸ್ 130, ಇನ್ಸುಲಿನ್ 15 ಇದ್ರೆ 4.8 ಬರುತ್ತೆ. ಸಾಮಾನ್ಯವಾಗಿ 2.5ರ ಆಸುಪಾಸು ದಾಟಿದ್ರೆ ರೆಸಿಸ್ಟೆನ್ಸ್ ಇದೆ ಅಂತ ನೋಡ್ತಾರೆ, ಆದ್ರೆ ಇಡೀ ಜಗತ್ತಿಗೆ ಒಪ್ಪಿಗೆ ಆಗಿರೋ ಒಂದು ಗೆರೆ ಇಲ್ಲ, ಯಾಕಂದ್ರೆ ಇನ್ಸುಲಿನ್ ಅಳೆಯೋ ಕಿಟ್‌ಗಳು ಕಂಪನಿಯಿಂದ ಕಂಪನಿಗೆ ಬೇರೆ ಬೇರೆ ನಂಬರ್ ಕೊಡ್ತವೆ.

ಇಲ್ಲಿ ಒಂದು ವಿಷಯ ಹತ್ರದಿಂದ ನೋಡಿ. ಕೆಲವು ರಿಪೋರ್ಟಲ್ಲಿ ಇನ್ಸುಲಿನ್ ನಾರ್ಮಲ್ ರೇಂಜ್ 2.6ರಿಂದ 24.9 ಅಂತ ಪ್ರಿಂಟ್ ಆಗಿರುತ್ತೆ. ಒಬ್ಬರಿಗೆ ಗ್ಲೂಕೋಸ್ 95, ಇನ್ಸುಲಿನ್ 24 ಬಂತು ಅನ್ಕೊಳ್ಳಿ. ಎರಡೂ ರೇಂಜ್ ಒಳಗೇ ಇದೆ, ಎಲ್ಲೂ ದಪ್ಪ ಅಕ್ಷರ ಇಲ್ಲ, ಕೆಂಪು ಗುರುತಿಲ್ಲ, ಮನೆಗೆ ಹೋಗಿ ಎಲ್ಲಾ ನಾರ್ಮಲ್ ಅಂತ ಹೇಳ್ತಾರೆ. ಗುಣಿಸಿ ಭಾಗಿಸಿದ್ರೆ ಹೋಮಾ 5.6. ಅಂದ್ರೆ ಶುಗರನ್ನ 95ರಲ್ಲಿ ಹಿಡಿದಿಡೋಕೆ ಪ್ಯಾಂಕ್ರಿಯಾಸ್ ಜೀವ ತೇಯ್ತಿದೆ. ಐಸಿಎಂಆರ್-ಇಂಡಿಯಾಬ್ ಅನ್ನೋ ದೇಶದ ಶುಗರ್ ಸರ್ವೆ ಲೆಕ್ಕದಲ್ಲಿ ದೇಶದಲ್ಲಿ 10.1 ಕೋಟಿ ಜನಕ್ಕೆ ಶುಗರ್ ಇದೆ, 13.6 ಕೋಟಿ ಜನ ಬಾರ್ಡರಲ್ಲಿ ಇದ್ದಾರೆ, 2023ರಲ್ಲಿ ಪ್ರಕಟ ಆಗಿದ್ದು ಅದು. ಈ ಬಾರ್ಡರಲ್ಲಿ ಇರೋರಿಗೆ, ಪಿಸಿಓಡಿ ಇರೋ ಹೆಣ್ಣುಮಕ್ಕಳಿಗೆ, ಅಪ್ಪ ಅಮ್ಮ ಇಬ್ಬರಿಗೂ ಶುಗರ್ ಇದ್ದು ಹೊಟ್ಟೆ ಬರ್ತಿರೋ ಮೂವತ್ತರ ಹುಡುಗರಿಗೆ ಹೋಮಾ ಒಳ್ಳೇ ಟೆಸ್ಟ್, ಮುಂಚೇನೇ ಸುಳಿವು ಕೊಡುತ್ತೆ.

ಈಗ ಇನ್ನೊಂದು ಕಡೆ ನೋಡಿ. ಹದಿನೈದು ವರ್ಷದಿಂದ ಶುಗರ್ ಇರೋರು, ಫಾಸ್ಟಿಂಗ್ 210, ಇನ್ಸುಲಿನ್ 6. ಹೋಮಾ 3.1 ಬರುತ್ತೆ. ಮೇಲಿನ 4.8ಕ್ಕಿಂತ ಇದು ಕಮ್ಮಿ, ಹಾಗಾದ್ರೆ ಇವರೇ ಮೇಲು ಅಂತ ಕಾಣುತ್ತೆ. ಆದ್ರೆ 210 ಶುಗರ್ ಇರುವಾಗ ಇನ್ಸುಲಿನ್ ಬರೀ 6 ಇದೆ ಅಂದ್ರೆ ಪ್ಯಾಂಕ್ರಿಯಾಸ್ ಸೋತಿದೆ ಅಂತ ಅರ್ಥ, ರೆಸಿಸ್ಟೆನ್ಸ್ ಕಮ್ಮಿ ಆಗಿದೆ ಅಂತಲ್ಲ. ವರ್ಷ ಕಳೆದ ಹಾಗೆ ಇನ್ಸುಲಿನ್ ತಯಾರಿ ಇಳಿಯುತ್ತೆ, ಅದರ ಜೊತೆ ಹೋಮಾನೂ ಇಳಿಯುತ್ತೆ, ನೋಡೋರು ಸುಧಾರಿಸಿದೆ ಅನ್ಕೋತಾರೆ. ಹಳೇ ಶುಗರ್ ಇರೋರಿಗೆ ಹೋಮಾ ಒಂದನ್ನೇ ಇಟ್ಕೊಂಡು ತೀರ್ಮಾನ ಮಾಡೋದು ಬೇಡ ಅಂತ ನಾನು ಹೇಳೋದು ಇದಕ್ಕೇ.

ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದ ಮಾತ್ರೆ ತಗೊಳ್ಳೋರಲ್ಲಿ ಆ ಮಾತ್ರೇನೇ ಪ್ಯಾಂಕ್ರಿಯಾಸಿನಿಂದ ಇನ್ಸುಲಿನ್ ಹೊರಗೆ ತಳ್ಳುತ್ತೆ, ನಂಬರ್ ಮೇಲೆ ಹೋಗುತ್ತೆ. ಇಂಜೆಕ್ಷನ್ ತಗೊಳ್ಳೋರಿಗೆ ಈ ಟೆಸ್ಟ್ ಮಾಡ್ಸೋದು ದುಡ್ಡು ದಂಡ, ಹಾಕ್ಕೊಂಡ ಇನ್ಸುಲಿನ್ನೂ ರಕ್ತದಲ್ಲಿ ಇರುತ್ತಲ್ಲ, ಮಾಮೂಲಿ ಹ್ಯೂಮನ್ ಇನ್ಸುಲಿನ್ ಆದ್ರೆ ಕಿಟ್‌ಗೆ ಅದೂ ಇದೂ ಒಂದೇ, ಗ್ಲಾರ್ಜಿನ್ ಆಸ್ಪಾರ್ಟ್ ಥರದವನ್ನ ಕೆಲವು ಕಿಟ್ ಹಿಡಿಯುತ್ತೆ ಕೆಲವು ಹಿಡಿಯಲ್ಲ. ಬಂದ ನಂಬರ್ ಯಾರದ್ದು ಅಂತ ಹೇಳೋಕಾಗಲ್ಲ.

ಸ್ಯಾಂಪಲ್ ವಿಷಯದಲ್ಲೂ ಇದು ಬಲು ಸೂಕ್ಷ್ಮ. ರಕ್ತ ತೆಗೆದು ಹೆಪ್ಪುಗಟ್ಟಿದ್ಮೇಲೆ ಸೆಂಟ್ರಿಫ್ಯೂಜಲ್ಲಿ ತಿರುಗಿಸಿದ್ರೆ ಮೇಲೆ ತಿಳಿ ಹಳದಿ ಸೀರಂ ನಿಲ್ಬೇಕು. ನರ ಸಿಗ್ದೆ ಸೂಜೀನ ಅಲ್ಲೇ ತಿರುವಿದ್ರೆ, ಸಿರಿಂಜಲ್ಲಿ ಜೋರಾಗಿ ಎಳೆದ್ರೆ, ಟ್ಯೂಬನ್ನ ಜೋರಾಗಿ ಕುಲುಕಿದ್ರೆ ಕೆಂಪುಕಣ ಒಡೆದು ಆ ಹಳದಿ ಗುಲಾಬಿ ಬಣ್ಣಕ್ಕೋ ಕೆಂಪಿಗೋ ತಿರುಗುತ್ತೆ. ಕೆಂಪುಕಣದ ಒಳಗೆ ಇನ್ಸುಲಿನ್ನನ್ನ ತಿಂದುಹಾಕೋ ಎನ್‌ಜೈಮ್ ಇದೆ, ಅದು ಹೊರಗೆ ಬಂದ್ರೆ ಇನ್ಸುಲಿನ್ ಸುಳ್ಳೇ ಕಮ್ಮಿ ಬರುತ್ತೆ. ಗ್ಲೂಕೋಸಿಗೆ ಇಷ್ಟು ಪೆಟ್ಟು ಬೀಳಲ್ಲ, ಇನ್ಸುಲಿನ್‌ಗೆ ಬೀಳುತ್ತೆ. ರಿಪೋರ್ಟ್ ಕೆಳಗೆ ಹೀಮೊಲೈಸ್ಡ್ ಅಂತ ಸಣ್ಣಕ್ಷರದಲ್ಲಿ ಬರೆದಿದ್ರೆ ಆ ಇನ್ಸುಲಿನ್ ನಂಬರನ್ನ ಲೆಕ್ಕಕ್ಕೇ ತಗೋಬೇಡಿ, ಇನ್ನೊಂದ್ಸಲ ರಕ್ತ ತಗೊಳ್ಳಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಸಣ್ಣ ಊರಲ್ಲಿ ಈ ಟೆಸ್ಟ್ ಅಲ್ಲೇ ಮಾಡಲ್ಲ, ಸ್ಯಾಂಪಲ್ ದೊಡ್ಡ ಊರಿಗೆ ಹೋಗುತ್ತೆ, ಹಾಗಾಗಿ ಸೀರಂ ಬೇರೆ ಮಾಡಿ ತಣ್ಣಗೆ ಇಟ್ಟು ಕಳಿಸ್ತೀರಾ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ. ಕೂದ್ಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳೋರು ಅದನ್ನ ಮೊದ್ಲೇ ಹೇಳಿ, ಕೆಲವು ಮಷಿನಲ್ಲಿ ಅದರಿಂದ ಇನ್ಸುಲಿನ್, ಸಿ-ಪೆಪ್ಟೈಡ್, ಥೈರಾಯ್ಡ್ ನಂಬರ್ ಎಲ್ಲಾ ಏರುಪೇರಾಗುತ್ತೆ.

ಸಿ-ಪೆಪ್ಟೈಡ್

ಶುಗರ್ ಬಂದಾಗಿರೋರಿಗೆ ಈ ಪಟ್ಟೀಲಿ ನಿಜವಾಗ್ಲೂ ಟ್ರೀಟ್‌ಮೆಂಟ್ ಬದಲಾಯಿಸೋ ಶಕ್ತಿ ಇರೋದು ಇದಕ್ಕೆ ಅಂತ ನನ್ನ ಅಭಿಪ್ರಾಯ. ಪ್ಯಾಂಕ್ರಿಯಾಸ್ ಇನ್ಸುಲಿನ್ ಮಾಡುವಾಗ ಮೊದ್ಲು ಪ್ರೊಇನ್ಸುಲಿನ್ ಅಂತ ಉದ್ದ ಸರಪಳಿ ಮಾಡುತ್ತೆ, ಅದನ್ನ ಕತ್ತರಿಸಿದ್ರೆ ಒಂದು ಇನ್ಸುಲಿನ್ ಜೊತೆ ಒಂದು ಸಿ-ಪೆಪ್ಟೈಡ್ ಬರುತ್ತೆ. ಭತ್ತ ಕುಟ್ಟಿದ್ರೆ ಅಕ್ಕಿ ಜೊತೆ ಹೊಟ್ಟು ಬೀಳುತ್ತಲ್ಲ ಹಾಗೆ, ಹೊಟ್ಟು ಎಷ್ಟು ಬಿದ್ದಿದೆ ನೋಡಿದ್ರೆ ಮನೇಲಿ ಎಷ್ಟು ಭತ್ತ ಕುಟ್ಟಿದಾರೆ ಗೊತ್ತಾಗುತ್ತೆ, ಅಂಗಡಿಯಿಂದ ತಂದ ಅಕ್ಕಿಗೆ ಹೊಟ್ಟು ಇರಲ್ಲ. ಇಂಜೆಕ್ಷನ್ ಇನ್ಸುಲಿನಲ್ಲಿ ಸಿ-ಪೆಪ್ಟೈಡ್ ಇರಲ್ಲ, ಹಾಗಾಗಿ ಎಷ್ಟು ಯುನಿಟ್ ಹಾಕ್ಕೊಂಡ್ರೂ ನಿಮ್ಮ ದೇಹ ಸ್ವಂತ ಎಷ್ಟು ಮಾಡ್ತಿದೆ ಅಂತ ಈ ಟೆಸ್ಟ್ ಹೇಳುತ್ತೆ. ಇನ್ಸುಲಿನ್ ಐದಾರು ನಿಮಿಷದಲ್ಲಿ ಅರ್ಧ ಕರಗಿ ಹೋಗುತ್ತೆ, ಲಿವರಲ್ಲೇ ಒಂದು ದೊಡ್ಡ ಪಾಲು ಮುಗಿಯುತ್ತೆ. ಸಿ-ಪೆಪ್ಟೈಡ್ ಇಪ್ಪತ್ತು ಮೂವತ್ತು ನಿಮಿಷ ಇರುತ್ತೆ, ಲಿವರ್ ಅದನ್ನ ಮುಟ್ಟಲ್ಲ, ಅದಕ್ಕೇ ನಂಬರ್ ಸ್ವಲ್ಪ ಸ್ಥಿರ.

ಊಟ ಆಗಿ ಐದು ಗಂಟೆ ಒಳಗೆ ತೆಗೆದ ಸ್ಯಾಂಪಲಲ್ಲಿ, ಜೊತೆಗೆ ಶುಗರೂ ಅಳೆದು ನೋಡಿದಾಗ, ಸಿ-ಪೆಪ್ಟೈಡ್ 0.6 ನ್ಯಾನೊಗ್ರಾಂಗಿಂತ ಕಮ್ಮಿ ಇದ್ರೆ ಸ್ವಂತ ಇನ್ಸುಲಿನ್ ಹೆಚ್ಚುಕಮ್ಮಿ ಮುಗಿದಿದೆ ಅಂತ, 1.8ಕ್ಕಿಂತ ಮೇಲಿದ್ರೆ ಟೈಪ್ 2 ಕಡೆ ವಾಲುತ್ತೆ ಅಂತ ಡಾಕ್ಟರುಗಳು ನೋಡ್ತಾರೆ, ನಡುವೆ ಬಂದ್ರೆ ಬೇರೆ ವಿಷಯಗಳನ್ನೂ ಸೇರ್ಸಿ ಯೋಚಿಸ್ಬೇಕು. ಫಾಸ್ಟಿಂಗಲ್ಲಿ 4, 5 ಅಂತ ಮೇಲೆ ಇದ್ದು ಶುಗರೂ ಮೇಲಿದ್ರೆ ರೆಸಿಸ್ಟೆನ್ಸ್ ಜೋರಾಗಿದೆ, ತಯಾರಿ ಇನ್ನೂ ನಡೀತಿದೆ ಅಂತ ಅರ್ಥ. ಇದರಿಂದ ಏನು ಬದಲಾಗುತ್ತೆ ಅಂದ್ರೆ, ಸಿ-ಪೆಪ್ಟೈಡ್ ತಳ ಮುಟ್ಟಿರೋರಿಗೆ ಗ್ಲಿಮೆಪಿರೈಡ್ ಎಷ್ಟು ಜಾಸ್ತಿ ಮಾಡಿದ್ರೂ ಪ್ರಯೋಜನ ಇಲ್ಲ, ಡಾಪಾಗ್ಲಿಫ್ಲೋಜಿನ್ ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆ ಕೊಟ್ರೆ ಕೀಟೊಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರೋದು) ಆಗೋ ಅಪಾಯ ಜಾಸ್ತಿ, ಅವರಿಗೆ ಇನ್ಸುಲಿನ್ನೇ ಬೇಕು. ಇದು ಜೀವದ ಪ್ರಶ್ನೆ. ತೆಳ್ಳಗಿರೋರು, ಮಾತ್ರೆ ಮೇಲೆ ಮಾತ್ರೆ ಸೇರ್ಸಿದ್ರೂ ಶುಗರ್ ಇಳೀದೇ ತೂಕ ಇಳೀತಿರೋರು, ಅವರಿಗೆ ಇದರ ಜೊತೆ ಗ್ಯಾಡ್ ಆ್ಯಂಟಿಬಾಡಿ ಟೆಸ್ಟ್ (ದೇಹದ ರೋಗನಿರೋಧಕ ಶಕ್ತಿನೇ ಪ್ಯಾಂಕ್ರಿಯಾಸ್ ಮೇಲೆ ತಿರುಗಿಬಿದ್ದಿರೋದ್ರ ಗುರುತು, ಅದೇ ಟೈಪ್ 1) ಬಗ್ಗೆ ಡಾಕ್ಟರನ್ನ ಕೇಳಲೇಬೇಕು, ದೊಡ್ಡೋರಲ್ಲಿ ನಿಧಾನಕ್ಕೆ ಬರೋ ಟೈಪ್ 1ನ ಎಷ್ಟೋ ಸಲ ಟೈಪ್ 2 ಅಂತಾನೇ ಅನ್ಕೊಂಡಿರ್ತಾರೆ.

ತೊಂದರೆ ಇಲ್ವಾ ಅಂದ್ರೆ ಇದೆ. ಕಿಡ್ನಿ ಇದನ್ನ ಹೊರಗೆ ಹಾಕೋದು, ಕಿಡ್ನಿ ಟೆಸ್ಟಲ್ಲಿ ಬರೋ ಕ್ರಿಯಾಟಿನಿನ್ ಏರಿರೋರಲ್ಲಿ ಸಿ-ಪೆಪ್ಟೈಡ್ ಸುಳ್ಳೇ ಜಾಸ್ತಿ ಕಾಣುತ್ತೆ. ಶುಗರ್ 400, 500 ಇದ್ದು ಆಗಷ್ಟೇ ಗೊತ್ತಾದೋರಲ್ಲಿ ಪ್ಯಾಂಕ್ರಿಯಾಸ್ ತಾತ್ಕಾಲಿಕವಾಗಿ ಮಂಕಾಗಿರುತ್ತೆ, ಅವತ್ತು ಮಾಡಿಸಿದ್ರೆ ಕಮ್ಮಿ ಬಂದು ಹೆದರ್ಸುತ್ತೆ, ಶುಗರ್ ಹತೋಟಿಗೆ ಬಂದು ಕೆಲವು ವಾರ ಆದ್ಮೇಲೆ ಮಾಡಿಸಿದ್ರೆ ನಿಜ ಗೊತ್ತಾಗುತ್ತೆ. ಲೋ ಶುಗರ್ ಆಗಿದ್ದಾಗ ಮಾಡಿಸಿದ್ರೂ ಕಮ್ಮಿ ಬರುತ್ತೆ, ಅದಕ್ಕೇ ಅದೇ ಸೂಜೀಲಿ ಗ್ಲೂಕೋಸೂ ತೆಗೀಬೇಕು, ಒಂಟಿ ಸಿ-ಪೆಪ್ಟೈಡ್‌ಗೆ ಅರ್ಥ ಇಲ್ಲ.

ಟ್ರೈಗ್ಲಿಸರೈಡ್, ಎಚ್‌ಡಿಎಲ್, ಟಿವೈಜಿ

ಇದು ಬಹುಪಾಲು ಜನರ ಫೈಲಲ್ಲಿ ಈಗಾಗ್ಲೇ ಇರೋ ಮಾಹಿತಿ, ಯಾರೂ ತಿರುಗಿ ನೋಡಲ್ಲ. ಲಿಪಿಡ್ ಪ್ರೊಫೈಲಲ್ಲಿ ಎಲ್ಲರ ಕಣ್ಣೂ ಎಲ್‌ಡಿಎಲ್ ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್ ಮೇಲೇ ಇರುತ್ತೆ. ರೆಸಿಸ್ಟೆನ್ಸ್ ಇದ್ದಾಗ ಕೊಬ್ಬಿನಿಂದ ಫ್ಯಾಟಿ ಆಸಿಡ್ ಜಾಸ್ತಿ ಕರಗಿ ಲಿವರಿಗೆ ಹೋಗುತ್ತೆ, ಲಿವರ್ ಅದನ್ನ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತೆ, ಆ ಟ್ರೈಗ್ಲಿಸರೈಡ್ ಒಳ್ಳೇ ಕೊಲೆಸ್ಟ್ರಾಲ್ ಅನ್ನೋ ಎಚ್‌ಡಿಎಲ್ ಒಳಗೂ ಸೇರ್ಕೊಂಡು ಎಚ್‌ಡಿಎಲ್ ಸಣ್ಣದಾಗಿ ಬೇಗ ಖಾಲಿ ಆಗುತ್ತೆ. ಅದಕ್ಕೇ ಒಂದು ಏರಿದಾಗ ಇನ್ನೊಂದು ಇಳಿದಿರುತ್ತೆ. ಟ್ರೈಗ್ಲಿಸರೈಡನ್ನ ಎಚ್‌ಡಿಎಲ್‌ನಿಂದ ಭಾಗಿಸಿ, 180ನ್ನ 36ರಿಂದ ಭಾಗಿಸಿದ್ರೆ 5. ಸ್ಟ್ಯಾನ್‌ಫರ್ಡಿನ ಜೆರಾಲ್ಡ್ ರೀವನ್ ತಂಡ 3ರ ಆಸುಪಾಸನ್ನ ಗೆರೆ ಅಂತ ಹೇಳಿತ್ತು, ಇದೇ ರೀವನ್ 1988ರಲ್ಲಿ ಬಿಪಿ, ಶುಗರ್, ರಕ್ತದಲ್ಲಿನ ಕೊಬ್ಬು ಎಲ್ಲದರ ಹಿಂದೆ ರೆಸಿಸ್ಟೆನ್ಸ್ ಇದೆ ಅಂತ ಸಿಂಡ್ರೋಮ್ ಎಕ್ಸ್ ಹೆಸರಲ್ಲಿ ಹೇಳಿದ್ದು. ಆ ಗೆರೆ ಎಲ್ಲಾ ಜನಾಂಗಕ್ಕೂ ಹೊಂದಲ್ಲ, ಅಮೆರಿಕದ ಕಪ್ಪು ಜನರಲ್ಲಿ ಈ ಲೆಕ್ಕ ಕೈಕೊಡುತ್ತೆ. ನಮ್ಮಲ್ಲಿ ಎಚ್‌ಡಿಎಲ್ ಮೊದ್ಲೇ ಕಮ್ಮಿ ಇರೋರು ಬಹಳ, ಅದನ್ನೂ ಗಮನದಲ್ಲಿ ಇಟ್ಕೊಂಡು ನೋಡ್ಬೇಕು.

ಟಿವೈಜಿ ಇಂಡೆಕ್ಸ್ ಅಂತ ಇನ್ನೊಂದಿದೆ, ಮೆಕ್ಸಿಕೊದ ಸಂಶೋಧಕರು 2008ರಲ್ಲಿ ಬರೆದಿದ್ದು, ಟ್ರೈಗ್ಲಿಸರೈಡನ್ನ ಫಾಸ್ಟಿಂಗ್ ಗ್ಲೂಕೋಸಿನಿಂದ ಗುಣಿಸಿ ಎರಡರಿಂದ ಭಾಗಿಸಿ ನ್ಯಾಚುರಲ್ ಲಾಗ್ (ಕ್ಯಾಲ್ಕುಲೇಟರಲ್ಲಿ ln ಬಟನ್) ತಗೊಳ್ಳೋದು. ಟ್ರೈಗ್ಲಿಸರೈಡ್ 180, ಗ್ಲೂಕೋಸ್ 130 ಆದ್ರೆ 9.4 ಬರುತ್ತೆ. ಇದರಲ್ಲಿ ಒಂದು ಗೊಂದಲ ಇದೆ, ಕೆಲವು ಕಡೆ ಲಾಗ್ ತಗೊಂಡ್ಮೇಲೆ ಎರಡರಿಂದ ಭಾಗಿಸ್ತಾರೆ, ಆಗ ಇದೇ ಮನುಷ್ಯನ ನಂಬರ್ 5.0 ಆಗುತ್ತೆ. ಒಂದು ಆ್ಯಪಲ್ಲಿ 9, ಇನ್ನೊಂದ್ರಲ್ಲಿ 5 ಬಂತು ಅಂತ ಹೆದರ್ಬೇಡಿ, ಎರಡೂ ಒಂದೇ, ಹೋಲಿಸುವಾಗ ಒಂದೇ ಫಾರ್ಮುಲಾ ಇಟ್ಕೊಳ್ಳಿ ಸಾಕು.

ಇವೆರಡರಲ್ಲಿ ಶುಗರ್ ಇರೋರಿಗೆ ನಾನು ಟ್ರೈಗ್ಲಿಸರೈಡ್-ಎಚ್‌ಡಿಎಲ್ ಲೆಕ್ಕಾನೇ ಹೇಳ್ತೀನಿ. ಯಾಕಂದ್ರೆ ಟಿವೈಜಿ ಒಳಗೆ ಗ್ಲೂಕೋಸೂ ಇದೆ, ನೀವು ಇನ್ಸುಲಿನ್ ಯುನಿಟ್ ಜಾಸ್ತಿ ಮಾಡಿ ಫಾಸ್ಟಿಂಗ್ ಇಳಿಸಿದ್ರೆ ಟಿವೈಜಿನೂ ಇಳಿಯುತ್ತೆ, ದೇಹದ ರೆಸಿಸ್ಟೆನ್ಸ್ ಇದ್ದಲ್ಲೇ ಇದ್ರೂ ಕೂಡ. ಶುಗರ್ ಇಲ್ಲದ ಸಾವಿರಾರು ಜನರಲ್ಲಿ ರೆಸಿಸ್ಟೆನ್ಸ್ ಇರೋರನ್ನ ಸೋಸಿ ತೆಗೆಯೋಕೆ ಟಿವೈಜಿ ಒಳ್ಳೇದು, ಇನ್ಸುಲಿನ್ ಕಿಟ್ ಬೇಕಾಗಲ್ಲ, ಯಾವ ತಾಲ್ಲೂಕಿನ ಲ್ಯಾಬಲ್ಲೂ ಆಗುತ್ತೆ. ಎರಡಕ್ಕೂ ಇರೋ ತೊಡಕು ಏನಂದ್ರೆ ಟ್ರೈಗ್ಲಿಸರೈಡ್ ಏರೋಕೆ ರೆಸಿಸ್ಟೆನ್ಸ್ ಒಂದೇ ಕಾರಣ ಅಲ್ಲ, ಹಿಂದಿನ ರಾತ್ರಿ ಮದುವೆ ಊಟ ಅಥವಾ ಡ್ರಿಂಕ್ಸ್, ಥೈರಾಯ್ಡ್ ಕಮ್ಮಿ ಇರೋದು, ಕೆಲವರಲ್ಲಿ ವಂಶದಿಂದ ಬಂದಿದ್ದು, ಎಲ್ಲಾ ಸೇರುತ್ತೆ. ತುಂಬಾ ಏರಿದ್ರೆ ಸೀರಂ ಹಾಲಿನ ಥರ ಬೆಳ್ಳಗೆ ಕಾಣುತ್ತೆ, ಟ್ಯೂಬ್ ಎತ್ತಿ ಹಿಡಿದ್ರೆ ಆ ಕಡೆದು ಕಾಣಲ್ಲ. ಫೆನೊಫೈಬ್ರೇಟ್ ಮಾತ್ರೆ ತಗೊಳ್ಳೋರಲ್ಲಿ ಮಾತ್ರೆಯಿಂದಾನೇ ಟ್ರೈಗ್ಲಿಸರೈಡ್ ಇಳಿದಿರುತ್ತೆ, ಅವರ ರೇಷಿಯೊ ನೋಡಿ ರೆಸಿಸ್ಟೆನ್ಸ್ ಹೋಯ್ತು ಅನ್ನೋ ಹಾಗಿಲ್ಲ.

ಉಳಿದವು

ಎಸ್‌ಜಿಪಿಟಿ ನೋಡಿ, ಲಿವರ್ ಟೆಸ್ಟಲ್ಲಿ ಇರುತ್ತೆ. ಶುಗರ್ ಜೊತೆ ಅದು ಮೇಲೆ ಇದ್ರೆ ಫ್ಯಾಟಿ ಲಿವರ್ ಇರೋ ಸಾಧ್ಯತೆ ಜಾಸ್ತಿ, ಫ್ಯಾಟಿ ಲಿವರ್ ಮತ್ತೆ ರೆಸಿಸ್ಟೆನ್ಸ್ ಒಟ್ಟೊಟ್ಟಿಗೇ ಓಡಾಡೋದು. ಆದ್ರೆ ಎಸ್‌ಜಿಪಿಟಿ ನಾರ್ಮಲ್ ಇದ್ದೂ ಫ್ಯಾಟಿ ಲಿವರ್ ಇರೋರು ಬೇಕಾದಷ್ಟು ಜನ ಇದ್ದಾರೆ. ಯೂರಿಕ್ ಆಸಿಡ್ ಕೂಡ ಏರುತ್ತೆ, ಇನ್ಸುಲಿನ್ ಜಾಸ್ತಿ ಇದ್ದಾಗ ಕಿಡ್ನಿ ಅದನ್ನ ಹೊರಗೆ ಹಾಕೋದು ಕಮ್ಮಿ ಮಾಡುತ್ತೆ, ಅದು ಜೊತೆ ಸಾಕ್ಷಿ ಅಷ್ಟೇ. ಎಚ್‌ಎಸ್-ಸಿಆರ್‌ಪಿ ದೇಹದಲ್ಲಿ ಉರಿಯೂತ ಇದೆ ಅಂತ ಹೇಳುತ್ತೆ, ಹಲ್ಲಿನ ವಸಡು ಊದಿದ್ರೂ, ಹೋದ ವಾರ ಜ್ವರ ಬಂದಿದ್ರೂ ಏರುತ್ತೆ, ರೆಸಿಸ್ಟೆನ್ಸ್ ಅಳೆಯೋಕೆ ಅಂತ ಇದನ್ನ ಮಾಡಿಸ್ಬೇಡಿ. ಐರನ್ ದಾಸ್ತಾನು ತೋರ್ಸೋ ಫೆರಿಟಿನ್ನೂ ಹಾಗೇ. ಅಡಿಪೊನೆಕ್ಟಿನ್ ಅನ್ನೋದು ವಿಜ್ಞಾನದ ದೃಷ್ಟಿಯಿಂದ ಬಹಳ ಚೆನ್ನಾಗಿದೆ, ಕೊಬ್ಬಿನ ಕಣದಿಂದ ಬರೋದು, ರೆಸಿಸ್ಟೆನ್ಸ್ ಜಾಸ್ತಿ ಆದ ಹಾಗೆ ಅದು ಕಮ್ಮಿ ಆಗುತ್ತೆ, ಆದ್ರೆ ದುಬಾರಿ, ಬಂದ ನಂಬರಿಂದ ಡಾಕ್ಟರ್ ಮಾಡೋದು ಬೇರೆ ಏನೂ ಇರಲ್ಲ. ಆ ದುಡ್ಡಲ್ಲಿ ಕಿಡ್ನಿಗೆ ಪೆಟ್ಟಾಗ್ತಿದ್ಯಾ ಅಂತ ತೋರ್ಸೋ ಒಂದು ಯೂರಿನ್ ಮೈಕ್ರೊಅಲ್ಬುಮಿನ್ ಮಾಡಿಸಿ, ಕಣ್ಣಿನ ರೆಟಿನಾ ಚೆಕ್ ಮಾಡಿಸಿ.

ತೆಳ್ಳಗಿರೋರ ವಿಷಯ

ನಾನು ದಪ್ಪ ಇಲ್ಲ, ನನಗೆಲ್ಲಿ ರೆಸಿಸ್ಟೆನ್ಸ್ ಅನ್ನೋರು ಬಹಳ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತೆ ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ತಮ್ಮಿಬ್ಬರ ಫೋಟೋನೇ ಹಾಕಿದ್ರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಮೈಯಲ್ಲಿ 21.2 ಪರ್ಸೆಂಟ್. ತೂಕದ ಮಷಿನ್ ಮೇಲೆ ಇಬ್ಬರೂ ಒಂದೇ. ನಮ್ಮೋರ ಕೈಕಾಲು ಸಣ್ಣಗಿದ್ದು ಹೊಟ್ಟೆ ಒಳಗೆ ಕೊಬ್ಬು ಸೇರ್ಕೊಂಡಿರುತ್ತೆ. ಅದಕ್ಕೇ ಟೈಲರ್ ಟೇಪ್ ತಗೊಂಡು ಹೊಟ್ಟೆ ಸುತ್ತಳತೆ ನೋಡಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಅದೂ ಒಂದು ಮಾರ್ಕರೇ, ದುಡ್ಡು ಬೇಡ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪ ಆಗಿದ್ರೆ, ಎಷ್ಟು ಉಜ್ಜಿದ್ರೂ ಹೋಗದೇ ಇದ್ರೆ ಅದು ಕೊಳೆ ಅಲ್ಲ, ಇನ್ಸುಲಿನ್ ಜಾಸ್ತಿ ಇರೋದ್ರ ಗುರುತು. ಪಾಪ ಎಷ್ಟೋ ಮಕ್ಕಳು ಇದಕ್ಕೆ ಮನೇಲಿ ಬೈಸ್ಕೋತಾರೆ.

ಸ್ವೀಡನ್ನಿನ ಸಂಶೋಧಕರು 2018ರಲ್ಲಿ ಶುಗರ್ ಇರೋರನ್ನ ಐದು ಗುಂಪು ಮಾಡಿದ್ರು, ಅದರಲ್ಲಿ ರೆಸಿಸ್ಟೆನ್ಸ್ ಜೋರಾಗಿರೋ ಗುಂಪಿಗೆ ಕಿಡ್ನಿ ತೊಂದರೆ ಜಾಸ್ತಿ ಕಂಡುಬಂತು. 2020ರಲ್ಲಿ ಚೆನ್ನೈನ ಡಾ. ವಿ. ಮೋಹನ್, ಡಾ. ಆರ್. ಎಂ. ಅಂಜನಾ ಅವರ ತಂಡ ಭಾರತದ ಸುಮಾರು 19 ಸಾವಿರ ಟೈಪ್ 2 ರೋಗಿಗಳನ್ನ ನೋಡಿ ನಾಲ್ಕು ಗುಂಪು ಮಾಡ್ತು, ಅದರಲ್ಲಿ ರೆಸಿಸ್ಟೆನ್ಸ್ ಮತ್ತೆ ಕೊರತೆ ಎರಡೂ ಒಟ್ಟಿಗೆ ಇರೋ ಗುಂಪು ಅಂತಾನೇ ಒಂದು ಸಿಕ್ತು, ಸುಮಾರು 12 ಪರ್ಸೆಂಟ್ ಜನ. ಇಂಥೋರಲ್ಲಿ ಒಂದೇ ಮಾರ್ಕರ್ ನೋಡಿದ್ರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತೆ, ಸಿ-ಪೆಪ್ಟೈಡೂ ಬೇಕು, ಲಿಪಿಡ್ಡೂ ಬೇಕು.

ಹಾಗಾದ್ರೆ ಯಾರು ಏನು ಮಾಡಿಸ್ಬೇಕು

ಶುಗರ್ ಹೊಸದಾಗಿ ಬಂದಿದೆ, ಹೊಟ್ಟೆ ಇದೆ, ಮೆಟ್‌ಫಾರ್ಮಿನ್ ಶುರು ಮಾಡಿದ್ದಾರೆ ಅನ್ನೋರಿಗೆ ಫಾಸ್ಟಿಂಗ್ ಲಿಪಿಡ್, ಎಸ್‌ಜಿಪಿಟಿ, ಎ1ಸಿ, ಟೇಪ್ ಅಳತೆ ಸಾಕು, ರೆಸಿಸ್ಟೆನ್ಸ್ ಇದೆ ಅಂತ ಸಾಬೀತು ಮಾಡೋಕೆ ಇನ್ಸುಲಿನ್ ಟೆಸ್ಟ್ ಬೇಕಾಗಲ್ಲ, ಬೇಕು ಅನ್ಸಿದ್ರೆ ಶುರುವಿನಲ್ಲಿ ಒಂದ್ಸಲ ಹೋಮಾ ನೋಡಿ ಇಟ್ಕೊಳ್ಳಿ. ತೆಳ್ಳಗಿದ್ದು ತೂಕ ಇಳೀತಿರೋರು, ಮೂವತ್ತರ ಒಳಗೆ ಶುಗರ್ ಬಂದೋರು ಹೋಮಾ ಬಿಟ್ಟು ಸಿ-ಪೆಪ್ಟೈಡ್ ಕಡೆ ಹೋಗಿ, ತಡ ಮಾಡ್ಬೇಡಿ. ವರ್ಷಗಳಿಂದ ಇಂಜೆಕ್ಷನ್ ಇದ್ದು ಯುನಿಟ್ ಏರ್ತಾನೇ ಇರೋರಿಗೂ ಸಿ-ಪೆಪ್ಟೈಡ್ ಮತ್ತೆ ಗ್ಲೂಕೋಸ್, ಜೊತೆಗೆ ಟ್ರೈಗ್ಲಿಸರೈಡ್-ಎಚ್‌ಡಿಎಲ್. ಆದ್ರೆ ಅದಕ್ಕೂ ಮುಂಚೆ ಇಂಜೆಕ್ಷನ್ ಹಾಕೋ ಜಾಗದಲ್ಲಿ ಗಂಟು ಕಟ್ಟಿದ್ಯಾ ಮುಟ್ಟಿ ನೋಡ್ಕೊಳ್ಳಿ, ಅದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟಾದ್ರೆ ಇನ್ಸುಲಿನ್ ಸರಿಯಾಗಿ ಹೀರ್ಕೊಳ್ಳಲ್ಲ, ಅದನ್ನ ರೆಸಿಸ್ಟೆನ್ಸ್ ಅನ್ಕೊಂಡು ಯುನಿಟ್ ಏರಿಸ್ತಾ ಹೋಗ್ತಾರೆ. ಕಿಡ್ನಿ ತೊಂದರೆ ಇರೋರು ಸಿ-ಪೆಪ್ಟೈಡ್ ಮಾಡಿಸಿದ್ರೆ ಅವತ್ತೇ ಕ್ರಿಯಾಟಿನಿನ್ ಕೂಡ ಮಾಡಿಸಿ ಡಾಕ್ಟರಿಗೆ ಎರಡೂ ತೋರ್ಸಿ. ಸ್ಟೀರಾಯ್ಡ್ ಮಾತ್ರೆ ತಗೊಳ್ಳುವಾಗ, ಜ್ವರ ಬಂದಾಗ, ಗರ್ಭಿಣಿ ಆಗಿದ್ದಾಗ ರೆಸಿಸ್ಟೆನ್ಸ್ ತಾನಾಗೇ ಏರುತ್ತೆ, ಆ ಸಮಯದ ನಂಬರನ್ನ ಮಾಮೂಲಿ ದಿನದ ನಂಬರ್ ಜೊತೆ ಹೋಲಿಸ್ಬೇಡಿ.

ಫಾಸ್ಟಿಂಗ್ ಟೆಸ್ಟ್‌ಗಳಿಗೆ ಸ್ಯಾಂಪಲ್ ಕೊಡೋ ದಿನ ಹತ್ತರಿಂದ ಹನ್ನೆರಡು ಗಂಟೆ ಖಾಲಿ ಹೊಟ್ಟೆ ಇರ್ಲಿ, ನೀರು ಕುಡೀಬಹುದು, ಅರ್ಧ ಲೋಟ ಕಾಫಿ ಅಷ್ಟೇ ಅಲ್ವಾ ಅನ್ಬೇಡಿ, ಹಾಲು ಸಕ್ಕರೆ ಎರಡೂ ಇನ್ಸುಲಿನ್ ಏರಿಸ್ತವೆ. ಮಾತ್ರೆ, ಇಂಜೆಕ್ಷನ್ ಬಿಟ್ಟು ಬರ್ಬೇಕಾ ಅನ್ನೋದನ್ನ ಹಿಂದಿನ ದಿನಾನೇ ಡಾಕ್ಟರಿಗೆ ಫೋನ್ ಮಾಡಿ ಕೇಳ್ಕೊಳ್ಳಿ, ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ. ತಗೊಳ್ತಿರೋ ಎಲ್ಲಾ ಮಾತ್ರೆ ಹೆಸರನ್ನ ಫಾರಂ ಮೇಲೆ ಬರೆಸಿ, ಬಯೋಟಿನ್ ಸೇರ್ಸಿ. ಎರಡನೇ ಸಲ ಮಾಡಿಸುವಾಗ ಅದೇ ಲ್ಯಾಬಿಗೇ ಹೋಗಿ, ಒಂದು ಕಡೆ ಇನ್ಸುಲಿನ್ 14 ಬಂದು ಇನ್ನೊಂದು ಕಡೆ 10 ಬಂದ್ರೆ ಅದು ಕಿಟ್ ವ್ಯತ್ಯಾಸಾನೂ ಇರಬಹುದು. ಕೆಲವು ಲ್ಯಾಬ್ ಇನ್ಸುಲಿನ್ನನ್ನ ಪೈಕೊಮೋಲ್ ಲೆಕ್ಕದಲ್ಲಿ ಕೊಡುತ್ತೆ, ಆಗ ನಂಬರ್ 60, 90 ಅಂತ ದೊಡ್ಡದಾಗಿ ಕಾಣುತ್ತೆ, ಸುಮಾರು 6ರಿಂದ ಭಾಗಿಸಿ ಆಮೇಲೆ 405ರ ಲೆಕ್ಕ ಹಾಕಿ. ನಡಿಗೆ ಶುರು ಮಾಡಿ, ರಾತ್ರಿ ಅನ್ನ ಮುದ್ದೆ ಕಮ್ಮಿ ಮಾಡಿ, ಹೊಟ್ಟೆ ಇಳಿಸಿದೋರಿಗೆ ಟ್ರೈಗ್ಲಿಸರೈಡ್ ಕೆಲವೇ ವಾರದಲ್ಲಿ ಇಳಿಯೋದು ಕಾಣುತ್ತೆ, ಎ1ಸಿಗೆ ಮೂರು ತಿಂಗಳು ಬೇಕು. ಹಾಗಾಗಿ ಎರಡನ್ನೂ ಮೂರು ತಿಂಗಳಿಗೆ ಒಟ್ಟಿಗೆ ಮಾಡಿಸಿದ್ರೆ ಒಂದೇ ಸೂಜೀಲಿ ಮುಗಿಯುತ್ತೆ, ಸಿ-ಪೆಪ್ಟೈಡನ್ನ ಡಾಕ್ಟರ್ ಕೇಳಿದಾಗ ಮಾತ್ರ ಮತ್ತೆ ಮಾಡಿಸಿದ್ರೆ ಸಾಕು.